ಬಾಯಮ್ಮನ ನೀಲಿ ಅಂಚಿನ ತಟ್ಟೆ

1981ರ ಡಿಸೆಂಬರ್ 26ರ ಸಂಜೆ ಕಾಪು ಕಡಲತೀರದಲ್ಲಿ ನಮ್ಮ ನಾಲ್ಕು ವರ್ಷದ ಮಗಳು ಕಾಣೆಯಾದಳು. ಹೊತ್ತು ಮುಳುಗುವ ಮೊದಲೇ ಸಿಕ್ಕಿದಳು.

ಮೊನ್ನೆ ಹೆಂಡತಿ ಅಟ್ಟದ ಮೇಲಿನ ಡಬ್ಬಿಯೊಂದರಿಂದ ಒಂದು ಎನಾಮೆಲ್ ತಟ್ಟೆ ಇಳಿಸಿದಳು. ಬಿಳಿ ಮೈ, ನೀಲಿ ಅಂಚು. ಎರಡು ಕಡೆ ಬಣ್ಣ ಎದ್ದು ಒಳಗಿನ ಕಬ್ಬಿಣ ಕಾಣುತ್ತದೆ. ಅದನ್ನು ಮೂಗಿನ ಹತ್ತಿರ ಹಿಡಿದು, "ಮೀನಿನ ವಾಸನೆ ಈಗ ಇಲ್ಲ ನೋಡ್ರಿ" ಎಂದು ನಕ್ಕಳು. ನಾನೂ ಮೂಸಿ ನೋಡಿದೆ. ಏಲಕ್ಕಿಯ ವಾಸನೆ ಇತ್ತೆಂದು ನನಗನ್ನಿಸಿತು. ಇರಲಿಕ್ಕಿಲ್ಲ...

ತಟ್ಟೆ ನಮ್ಮದಲ್ಲ. ಬಾಯಮ್ಮನದು.

ಆ ವರ್ಷದ ಜೂನ್‌ನಲ್ಲಿ ನಾವು ಚಿತ್ರದುರ್ಗದ ಕಡೆಯಿಂದ ಉಡುಪಿಗೆ ಬಂದಿದ್ದೆವು. ನನಗೆ ಪತ್ರಿಕೆಯೊಂದರಲ್ಲಿ ಉಪಸಂಪಾದಕನ ಕೆಲಸ. ಮಣಿಪಾಲಕ್ಕೆ ಹೋಗುವ ರಸ್ತೆಯ ಒಳದಾರಿಯಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ಗಂಡ ಗಲ್ಫ್‌ನಲ್ಲಿ, ಮನೆಯಲ್ಲಿ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು. ಅಲ್ಲಿ ಕ್ರೈಸ್ತ ಹೆಂಗಸರನ್ನು ಉಳಿದವರು ಬಾಯಮ್ಮ ಎಂದು ಕರೆಯುತ್ತಾರೆ. ನಾವೂ ಹಾಗೇ ಕರೆದೆವು. ಅವರು ನನ್ನನ್ನು ಕೊನೆಯವರೆಗೂ 'ಪೇಪರ್‌ನವರು' ಎಂದೇ ಕರೆದರು.

ಡಿಸೆಂಬರ್ ಬಂದ ಮೇಲೆ ನಮ್ಮ ಮಗಳು ಊಟಕ್ಕೆ ಮಾತ್ರ ನಮ್ಮ ಮನೆಗೆ ಬರುತ್ತಿದ್ದಳು. ಬಾಯಮ್ಮನ ಮನೆಯ ಜಗಲಿಯಲ್ಲಿ ಬಿದಿರಿನ ಕಡ್ಡಿಯ ನಕ್ಷತ್ರಕ್ಕೆ ಬಣ್ಣದ ಕಾಗದ ಅಂಟಿಸುವ ಕೆಲಸ. ಬಾಲಯೇಸುವನ್ನು ಮಲಗಿಸುವ ಗೋದಲಿಯ ಹಸಿರಿಗೆಂದು ಬಟ್ಟಲಲ್ಲಿ ಭತ್ತದ ಮೊಳಕೆ. ಅಡುಗೆಮನೆಯಲ್ಲಿ ಕುಸ್ವಾರ್, ಎಂದರೆ ಹಬ್ಬದ ತಿಂಡಿಗಳು, ಎಣ್ಣೆಯಲ್ಲಿ ಬೇಯುತ್ತಿದ್ದವು. ನಾವು ಸಸ್ಯಾಹಾರಿಗಳೆಂದು ನಮ್ಮ ಪಾಲಿನ ಹಿಟ್ಟನ್ನು ಬಾಯಮ್ಮ ಮೊಟ್ಟೆ ಹಾಕದೆ ಬೇರೆಯೇ ಕಲಸಿದ್ದರು. "ನಿಮ್ಮ ಜಾತಿ ಕೆಡಿಸಿದ ಪಾಪ ನನಗೆ ಬೇಡ ಮಾರಾಯ್ತಿ" ಎಂದು ಹೆಂಡತಿಗೆ ಹೇಳಿದ್ದರಂತೆ.

ಆ ಸಲ ಅವರ ಗಂಡನಿಗೆ ರಜೆ ಸಿಗಲಿಲ್ಲ. ಮಕ್ಕಳ ಮುಖ ಸಣ್ಣದಾಗಿತ್ತು. ಪ್ರತಿ ವರ್ಷ ಹಬ್ಬದ ಮರುದಿನ ಅಪ್ಪ ಅವರನ್ನು ಬಾಡಿಗೆ ಕಾರಿನಲ್ಲಿ ನೆಂಟರ ಮನೆಗಳಿಗೆ ಸುತ್ತಿಸುತ್ತಿದ್ದರು. ಬಾಯಮ್ಮ ಕಾರನ್ನು ತಾವೇ ಹೇಳಿ ಬಂದರು. "ಅವರು ಬರ್ಲಿಲ್ಲ ಅಂತ ಕ್ರಿಸ್‌ಮಸ್ ಬರುದು ನಿಲ್ತದಾ? ನೀವೂ ಹೊರಡಿ ಪೇಪರ್‌ನವರೇ. ಗಂಡಸು ಅಂತ ಒಬ್ಬರು ಕಾರಲ್ಲಿ ಇರ್ಲಿ, ನೋಡ್ಲಿಕ್ಕಾದ್ರೂ." ಹೆಂಡತಿ ನಕ್ಕಳು. ನಾನು ರಜೆ ಕೇಳಿದೆ.

ಬೆಳಿಗ್ಗೆ ಅಂಬಾಸಿಡರ್ ಹೊರಟಿತು. ಮುಂದಿನ ಸೀಟಿನಲ್ಲಿ ನಾನು, ನನ್ನ ಕಾಲ ಬಳಿ ಬಿಳಿಬಟ್ಟೆ ಕಟ್ಟಿದ ಕುಸ್ವಾರ್ ತಟ್ಟೆಗಳು. ಕಾರ್ಕಳದಲ್ಲಿ ಗೊಮ್ಮಟ ಬೆಟ್ಟದ ಮೆಟ್ಟಿಲುಗಳನ್ನು ಹುಡುಗರು ಓಡಿ ಹತ್ತಿದರು. ಮಗಳು ನನ್ನ ಹೆಗಲೇರಿ ಬಂದಳು. ಇಳಿದ ಮೇಲೆ ಬಾಯಮ್ಮನ ಚಿಕ್ಕಮ್ಮನ ಮನೆ. ತಟ್ಟೆ ಕೊಡುವ ಗೌರವ ಮಗಳಿಗೆ ಸಿಕ್ಕಿತು. ಆ ಅಜ್ಜಿ ತಿಂಡಿಯನ್ನು ಒಳಗೆ ಸುರಿದುಕೊಂಡು, ತಟ್ಟೆಯಲ್ಲಿ ಬಾಳೆಹಣ್ಣು, ಒಂದು ಅಚ್ಚು ಬೆಲ್ಲ ಇಟ್ಟು ಮರಳಿಸಿದರು. ಇದೇಕೆ ಎಂದು ಮಗಳು ಕಾರಿನಲ್ಲಿ ಕೇಳಿದಳು.

"ಖಾಲಿ ತಟ್ಟೆ ವಾಪಸ್ ಕೊಡ್ಲಿಕ್ಕಿಲ್ಲ ಪುಟ್ಟಿ" ಎಂದರು ಬಾಯಮ್ಮ. "ನಾವೂ ಖಾಲಿ ತಗೊಳ್ಳಿಕ್ಕಿಲ್ಲ. ಅವರು ಏನಾದ್ರೂ ಹಾಕುವವರೆಗೆ ಬಾಗಿಲಲ್ಲಿ ಸುಮ್ಮನೆ ನಿಂತುಕೊಳ್ಳುದು."

ಮಗಳು ಅದನ್ನು ಎರಡು ಸಲ ಹೇಳಿಸಿಕೊಂಡಳು. ಉಳಿದವರಾರೂ ಆ ಮಾತಿಗೆ ಹೆಚ್ಚು ಗಮನ ಕೊಡಲಿಲ್ಲ.

ಬೆಳ್ಮಣ್, ಪಡುಬಿದ್ರಿ ದಾಟಿ ಕಾಪುವಿಗೆ ಬಂದಾಗ ಇಳಿಹೊತ್ತು. ಅಲ್ಲಿ ಕೊನೆಯ ತಟ್ಟೆ ಕೊಡಬೇಕಾಗಿದ್ದ ಮನೆಗೆ ಬೀಗ ಹಾಕಿತ್ತು. ನೀಲಿ ಅಂಚಿನ ಆ ತಟ್ಟೆ ಕಾರಿನಲ್ಲೇ ಉಳಿಯಿತು. ಮಕ್ಕಳಿಗೆ ಸಮುದ್ರ ತೋರಿಸೋಣವೆಂದು ದೀಪಸ್ತಂಭದ ಕಡೆಗೆ ಹೋದೆವು. ರಜೆಯ ಜನ ತುಂಬಿತ್ತು. ಸ್ವಲ್ಪ ದೂರದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಸಾಲಾಗಿ ನಿಂತು ದಡದಿಂದಲೇ ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ಬಾಯಮ್ಮನ ಕಿರಿಯ ಮಗನ ಕಣ್ಣಿಗೆ ಮರಳು ಬಿತ್ತು. ಹೆಂಗಸರಿಬ್ಬರೂ ಅವನ ಕಣ್ಣಿಗೆ ಊದುತ್ತಿದ್ದರು. ನಾನು ದೀಪಸ್ತಂಭದ ಬಂಡೆಯ ಕಡೆ ನೋಡುತ್ತಿದ್ದೆ. ಡ್ರೈವರ್ ಚಹಾಕ್ಕೆ ಹೋಗಿದ್ದ.

ತಿರುಗಿ ನೋಡಿದಾಗ ಮಗಳಿರಲಿಲ್ಲ.

ಮೊದಲು ಕರೆದೆವು. ಆಮೇಲೆ ಓಡಿದೆವು. ಬಂಡೆಯ ಹಿಂದೆ ಇಲ್ಲ, ಕಡಲೆ ಮಾರುವವನ ಬಳಿ ಇಲ್ಲ. ನಾನು ಉದ್ವೇಗಕ್ಕೆ ಒಳಗಾಗುವವನಲ್ಲ; ಕೆಲಸವೂ ಅಂಥದ್ದಲ್ಲ. ಆದರೆ ನಮ್ಮ ಮೇಜಿಗೆ ಬರುವ ಸುದ್ದಿಗಳಲ್ಲಿ 'ಸಮುದ್ರಪಾಲು' ಎಂಬ ಶೀರ್ಷಿಕೆಯದು ಒಂದಿರುತ್ತದೆ. ಒಂದು ಕಾಲಂ, ಒಳಪುಟ. ಸ್ಥಳ, ವಯಸ್ಸು, ತಂದೆಯ ಹೆಸರು, ತಂದೆಯ ಉದ್ಯೋಗ. ಓಡುತ್ತಿರುವಾಗಲೇ ಆ ಸಾಲುಗಳು ತಲೆಯಲ್ಲಿ ತಾವಾಗಿ ಜೋಡಣೆಯಾಗುತ್ತಿದ್ದವು. ನಾನು ನೀರಿನ ಅಂಚಿಗೆ ಬಂದು ನಿಂತೆ.

ಬಾಯಮ್ಮ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. "ಪೇಪರ್‌ನವರೇ, ನೀವು ನೀರಿನ ಕಡೆ ನೋಡ್ಬೇಡಿ. ಅದನ್ನು ನಾನು ನೋಡ್ತೇನೆ. ನೀವು ಜನರ ಮಧ್ಯೆ ನೋಡಿ."

ಹಬ್ಬಕ್ಕೆ ಉಟ್ಟ ಹೊಸ ಸೀರೆಯನ್ನು ಎತ್ತಿ ಕಟ್ಟಿ ಅವರು ನೀರಿಗಿಳಿದರು. ಮೊಣಕಾಲುದ್ದ ನೀರಿನಲ್ಲಿ, ಅಲೆಗೆ ಅಡ್ಡವಾಗಿ, ಒಂದೊಂದೇ ಹೆಜ್ಜೆ ಇಡುತ್ತ ನಡೆದರು. ಕಣ್ಣು ನೀರಿನ ಮೇಲೆ. ತುಟಿ ಅಲ್ಲಾಡುತ್ತಿತ್ತು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಬೆನ್ನು... ಅವರು ಹೇಳಿದಂತೆ ಕೇಳಿ, ನಾನು ಜನರ ಕಡೆ ತಿರುಗಿದೆ.

ಆಗ ಬಲೆ ಎಳೆಯುವವರ ಕಡೆಯಿಂದ ಕೂಗು ಕೇಳಿತು. ಗಾಳಿಗೆ ಮಾತು ತುಂಡಾಗಿ ಬರುತ್ತಿತ್ತು.

"ಬಾಲೆ... ಬಲೆ! ಬಲೆ!"

ಹೆಂಡತಿ ಇದ್ದಲ್ಲೇ ಕುಸಿದಳು. "ಬಲೇಲಿ... ರೀ, ಬಲೇಲಿ ಸಿಕ್ಕಾಳಂತೆ..."

ತುಳುವಿನಲ್ಲಿ ಬಾಲೆ ಎಂದರೆ ಮಗು. ಬಲೆ ಎಂದರೆ ಬನ್ನಿ. ಇದು ನಮಗೆ ತಿಳಿಯದ ಮಾತಲ್ಲ. ಆರು ತಿಂಗಳಿಂದ ಉಡುಪಿಯ ಪ್ರತಿಯೊಂದು ಬಾಗಿಲಲ್ಲೂ "ಬಲೆ, ಬಲೆ" ಎಂದೇ ನಮ್ಮನ್ನು ಒಳಗೆ ಕರೆದಿದ್ದರು. ಆದರೆ ಆ ಗಳಿಗೆಯಲ್ಲಿ ನಮ್ಮಿಬ್ಬರ ಕಿವಿಯೂ ಚಿತ್ರದುರ್ಗಕ್ಕೆ ಮರಳಿತ್ತು. ಬಾಲೆ, ಬಲೆ. ಅಲ್ಲಿ ಕಣ್ಣೆದುರಿಗೇ ಬಲೆ ದಡಕ್ಕೆ ಬರುತ್ತಿತ್ತು.

ಬಾಯಮ್ಮ ನೀರು ಚಿಮ್ಮಿಸುತ್ತ ಓಡಿಬಂದು ಹೆಂಡತಿಯ ಎರಡೂ ಭುಜ ಹಿಡಿದು ಅಲುಗಿಸಿದರು. "ಏಳು ಮಾರಾಯ್ತಿ! ಕರೀತಾ ಇದ್ದಾರೆ! ಮಗು ಇಲ್ಲಿ ಉಂಟು, ಬನ್ನಿ ಅಂತ ಕರೀತಾ ಇದ್ದಾರೆ!"

ಎಳೆದಿಟ್ಟ ದೋಣಿಯ ಆ ಬದಿಯಲ್ಲಿ, ಮೀನಿನ ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರ ಮುಂದೆ, ಮಗಳು ಕೈಕಟ್ಟಿ ನಿಂತಿದ್ದಳು. ಅವರಲ್ಲಿ ಹಿರಿಯಾಕೆ ನಮ್ಮನ್ನು ಕಂಡೊಡನೆ ದೂರು ಹೇಳಿದಳು. "ಎಂತ ಮಗು ಮಾರಾಯ್ರೇ ಇದು! ತಿಂಡಿ ತಂದು ಕೊಟ್ಟಿತು, ತಿಂದೆವು. ತಟ್ಟೆ ತಗೊಂಡು ಹೋಗು ಅಂದ್ರೆ ಹೋಗುದೇ ಇಲ್ಲ. ಖಾಲಿ ಬೇಡ ಹೇಳ್ತದೆ. ನಮ್ಮ ಹತ್ರ ಎಂತ ಉಂಟು ಕೊಡ್ಲಿಕ್ಕೆ? ಬಲೆ ಬರ್ಲಿ, ನಿಲ್ಲು ಅಂದೆವು."

ತಟ್ಟೆಯಲ್ಲಿ ಆಗ ತಾನೇ ಬಿದ್ದ ಬಂಗುಡೆ ಮೀನುಗಳಿದ್ದವು. ಒಂದು ಇನ್ನೂ ಬಾಲ ಬಡಿಯುತ್ತಿತ್ತು.

"ಈಗ ಹೋಗಬಹುದಾ ಬಾಯಮ್ಮ?" ಎಂದಳು ಮಗಳು.

ಹೆಂಡತಿ ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಬೈಯಲೂ ಇಲ್ಲ. ಆ ಹಿರಿಯಾಕೆಯ ಕೈ ಹಿಡಿದುಕೊಂಡಳು. ಆಕೆ, "ಬಲೆ ಅಕ್ಕ, ಇನ್ನೊಮ್ಮೆ ಬಲೆ" ಎಂದಳು. ಹೆಂಡತಿ ಆ ಮಾತಿಗೆ ನಗತೊಡಗಿದಳು. ನಿಲ್ಲಿಸಲು ಆಗದ ಹಾಗೆ ನಕ್ಕಳು.

ಮೀನುಪೇಟೆಯ ಎದುರು ಬಸ್ಸು ನಿಂತರೆ ಸೆರಗಿನಿಂದ ಮೂಗು ಮುಚ್ಚುತ್ತಿದ್ದವಳು ಅವಳು. ಅಂದು ಆ ತಟ್ಟೆಯನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತಳು. ಯಾರಿಗೂ ಕೊಡಲಿಲ್ಲ.

"ಏನು ಪೇಪರ್‌ನವರೇ, ಇವತ್ತು ನಿಮ್ಮಲ್ಲಿ ಬಂಗುಡೆ ಸಾರಾ? ಮಸಾಲೆ ನಾನು ಕಡೆದು ಕೊಡ್ತೇನೆ" ಎಂದರು ಬಾಯಮ್ಮ. ಮಕ್ಕಳು ಹೋ ಎಂದರು. ಕಟಪಾಡಿ ದಾಟುವವರೆಗೆ ಬಾಯಮ್ಮ ಹೀಗೇ ತಮಾಷೆ ಮಾಡುತ್ತಿದ್ದರು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ, ಒದ್ದೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. "ನಾನು ಕರ್ಕೊಂಡು ಬಂದದ್ದು ಅಲ್ವಾ..." ಎಂದಷ್ಟೇ ಹೇಳಿದರು. ಹೆಂಡತಿ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದನ್ನು ಅವರ ಕೈ ಮೇಲಿಟ್ಟಳು. ಮಗಳು ಇಬ್ಬರ ನಡುವೆ ನಿದ್ದೆ ಹೋಗಿದ್ದಳು.

ಬಂಗುಡೆ ಅವರ ಮನೆಯಲ್ಲೇ ಸಾರಾಯಿತು. ತಟ್ಟೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಹೆಂಡತಿ ಶೇಂಗಾ ಹೋಳಿಗೆ ಇಟ್ಟು ಕೊಟ್ಟಳು. ಅದು ಕೆಲವು ದಿನದಲ್ಲೇ ಬೇರೇನನ್ನೋ ಹೊತ್ತು ನಮ್ಮಲ್ಲಿಗೆ ಬಂತು. ಹೀಗೆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಓಡಾಡಿತು. ನಮಗೆ ಹುಬ್ಬಳ್ಳಿಗೆ ವರ್ಗವಾದ ಮೇಲೂ ನಿಲ್ಲಲಿಲ್ಲ, ನಿಧಾನವಾಯಿತು. ಬಾಯಮ್ಮ ಮುಂದೆ ಉಡುಪಿ ಹತ್ತಿರದ ಕೆಮ್ಮಣ್ಣು ಎಂಬ ಊರಲ್ಲಿ, ತವರಿನ ಜಾಗದಲ್ಲಿ ಮನೆ ಕಟ್ಟಿಕೊಂಡರು. ಎರಡು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಅವರಿಗೆ ಕಣ್ಣು ಮಂಜಾಗಿತ್ತು. ಮಗಳನ್ನು ಕೈಯಿಂದ ಮುಟ್ಟಿ ನೋಡಿ, "ಇದಾ, ಬಂಗುಡೆ ವಸೂಲಿ ಮಾಡಿದ ಪಾರ್ಟಿ?" ಎಂದರು. ಹೊರಡುವಾಗ ಕುಸ್ವಾರ್ ಕೊಟ್ಟದ್ದು ಇದೇ ತಟ್ಟೆಯಲ್ಲಿ. ಆಗಲೂ ನಮ್ಮ ಪಾಲಿಗೆ ಮೊಟ್ಟೆ ಹಾಕಿರಲಿಲ್ಲ.

ಬಾಯಮ್ಮ ಈ ಆಗಸ್ಟ್‌ನಲ್ಲಿ ತೀರಿಕೊಂಡರು. ಕಿರಿಯ ಮಗ ಫೋನ್ ಮಾಡಿ ತಿಳಿಸುವಾಗ ಮಣ್ಣು ಮುಗಿದಿತ್ತು. ಮಳೆಯಿಂದ ದಾರಿ ಕೆಟ್ಟಿದ್ದರಿಂದ ಯಾರಿಗೂ ಕಾಯಲಿಲ್ಲವಂತೆ.

ಮಗಳು ಈ ಶನಿವಾರ ಕೆಮ್ಮಣ್ಣಿಗೆ ಹೋಗುತ್ತಿದ್ದಾಳೆ. ಹೆಂಡತಿ ತಟ್ಟೆ ತೊಳೆದಿಟ್ಟಿದ್ದಾಳೆ. ಶೇಂಗಾ ಹುರಿಯುತ್ತಿದ್ದಾಳೆ.