ಕಿಟಕಿಯ ಒಳಗಿದ್ದವರು

ಶ್ರೀಕಾರ್ಯಂನಲ್ಲಿ ನಮ್ಮ ಪಕ್ಕದ ಮನೆಯವರು ಗಲ್ಫಿನಲ್ಲಿ ನಮ್ಮ ದೇಶದ ರಾಯಭಾರ ಕಚೇರಿಯ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊಮ್ಮಗಳು ಐಸ್‌ಕ್ರೀಮ್ ಕೇಳಿದರೂ ಕನ್ನಡಕ ಹಣೆಗೇರಿಸಿ, "ಅರ್ಜಿ ಕೊಟ್ಟು ಹೋಗು, ನೋಡೋಣ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಕಾಂಪೌಂಡಿನ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದಾತ ಇನ್ನೊಂದು ಡಬ್ಬ ಬೇಕೆಂದಾಗಲೂ ಅದನ್ನೇ ಹೇಳಿದರು. ಆತ ಬ್ರಶ್ ಕೆಳಗಿಟ್ಟ.

"ಈ ಮಾತು ಗಲ್ಫಲ್ಲಿ ನಿಮ್ಮ ಆಫೀಸಿನ ಕಿಟಕೀಲೂ ಕೇಳಿದ್ದೆ ಸಾರೇ. ಕಂಪನಿಯೋರು ನನ್ನ ಪಾಸ್‌ಪೋರ್ಟ್ ಕಿತ್ತಿಟ್ಕೊಂಡಿದ್ರು. ಅರ್ಜಿ ಕೊಟ್ಟು ಹೋದೆ. ಉತ್ತರಾನೇ ಇಲ್ಲ. ಅಮ್ಮ ತೀರಿಕೊಂಡಾಗ್ಲೂ ಬರೋಕಾಗ್ಲಿಲ್ಲ."

ಅವರು ಒಳಗೆ ಹೋಗಿ ತಾವೇ ಚಹಾ ತಂದರು, ವರಾಂಡದಲ್ಲಿ ಕುರ್ಚಿ ಎಳೆದಿಟ್ಟರು.

"ಒಳಗೆ ಬಾ, ಕೂತ್ಕೋ."

ಆತ ಗೇಟಿನಾಚೆಯಿಂದಲೇ ಲೋಟಕ್ಕೆ ಕೈ ಚಾಚಿದ.

"ಬೇಡ ಸಾರೇ. ನಿಮ್ಮೆದುರು ಹೊರಗೆ ನಿಂತೇ ಅಭ್ಯಾಸ."