ತಕರಾರಿನವರನ್ನೇ ಹುಡುಕಿ ಕೂರಿಸುವ ಸುನಂದಕ್ಕ

ಕರೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿರುಗುಪ್ಪದಿಂದ ಬಂದ ಮೊದಲ ಬಸ್ಸಿಳಿದ ಸುನಂದಾ, ಬಗಲಲ್ಲಿ ಫೈಲು ಅವಚಿಕೊಂಡು ಚಿನ್ನಪ್ಪನ ಮನೆಯತ್ತ ಬಿರಬಿರನೆ ಹೆಜ್ಜೆ ಹಾಕುತ್ತಿದ್ದಾರೆ. ಏಳು ಹೊಡೆದರೆ ಮನೆಮಂದಿಯೆಲ್ಲ ಭತ್ತದ ನಾಟಿಗೆ ಹೊರಟುಬಿಡುತ್ತಾರೆ. ಆಮೇಲೆ ಯಾರ ಮುಂದೆ ಬರೆಯುವುದು?

ಚಿನ್ನಪ್ಪನಿಗೆ ಎಪ್ಪತ್ತೊಂದು. ಶ್ವಾಸಕೋಶ ಸೋತಿದೆ, ಬುದ್ಧಿ ಚುರುಕಾಗಿದೆ. ಗುಣವಾಗುವ ದಾರಿಯೇ ಮುಚ್ಚಿದ ದಿನ ತನ್ನನ್ನು ವೆಂಟಿಲೇಟರಿಗೆ ಹಾಕಬಾರದು, ನೋವಿಗೆ ಔಷಧ ಕೊಟ್ಟು ಮನೆಯಲ್ಲೇ ಇರಗೊಡಬೇಕು ಎಂಬುದು ಆತನ ಇಚ್ಛೆ. ಮಾತು ನಿಲ್ಲುವ ಮುನ್ನವೇ ಇದನ್ನು ಬರೆದಿಡಲು ಕಾನೂನಿನಲ್ಲಿ ಅವಕಾಶವಿದೆ. ಕಚೇರಿಯವರು ಅದನ್ನು ‘ಮುಂಗಡ ವೈದ್ಯಕೀಯ ನಿರ್ದೇಶನ’ ಎನ್ನುತ್ತಾರೆ. ಅಷ್ಟುದ್ದ ಹೇಳುವ ವ್ಯವಧಾನ ಊರವರಿಗಿಲ್ಲ, ಅವರಿಗೆ ಅದು ‘ಸುನಂದಕ್ಕನ ಕಾಗದ’.

ಕುರುಗೋಡಿನ ಸುನಂದಾ ಬಳ್ಳಾರಿಯಲ್ಲಿ ಮೂವತ್ತೊಂದು ವರ್ಷ ದಾದಿಯಾಗಿದ್ದವರು. ಅಪ್ಪನಿಗೆ ಏನು ಬೇಕಿತ್ತೆಂದು ತಿಳಿಯದೆ ಐಸಿಯು ಬಾಗಿಲಲ್ಲಿ ಜಗಳವಾಡುವ ಮಕ್ಕಳನ್ನು ನೋಡಿ ನೋಡಿ ಬೇಸತ್ತು, ನಿವೃತ್ತಿಯ ಮರುತಿಂಗಳೇ ಈ ಕೆಲಸಕ್ಕಿಳಿದರು. ಮೂರು ವರ್ಷದಲ್ಲಿ ನೂರಹನ್ನೆರಡು ಕಾಗದಗಳಾಗಿವೆ. ಒಂದೊಂದಕ್ಕೂ ಕನಿಷ್ಠ ಮೂರು ಸಲ ಓಡಾಟ: ಇಬ್ಬರು ಸಾಕ್ಷಿಗಳು, ನೋಟರಿಯ ಮೊಹರು, ಪಂಚಾಯಿತಿಗೊಂದು ಪ್ರತಿ. ಎಷ್ಟೋ ಮನೆಗಳಲ್ಲಿ ಯಮನ ಕಡೆಯವಳು ಬಂದಳೆಂದು ಬಾಗಿಲು ಹಾಕಿದ್ದಾರೆ. ಸುನಂದಾ ನಗುತ್ತಾರೆ, ಮುಂದಿನ ವಾರ ಅದೇ ಬಾಗಿಲು ತಟ್ಟುತ್ತಾರೆ.

ಶುರುವಿನಲ್ಲಿ ಎಡವಿದ್ದೂ ಉಂಟು. ಸಿರಿಗೇರಿಯ ಹುಲುಗಪ್ಪನ ಕಾಗದವನ್ನು ಅವನು, ಅವನ ಹೆಂಡತಿ, ಇಬ್ಬರು ಸಾಕ್ಷಿಗಳ ಎದುರು ಸದ್ದಿಲ್ಲದೆ ಮುಗಿಸಿದರು. ಕಾನೂನಿನ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ಆ ಗಳಿಗೆ ಬಂದಾಗ, ಈ ಹೆಬ್ಬೆಟ್ಟು ಒತ್ತಿಸಿಕೊಂಡವರು ಯಾರು ಎಂದು ಹುಲುಗಪ್ಪನ ತಮ್ಮ ಆಸ್ಪತ್ರೆಯಲ್ಲಿ ಎಗರಾಡಿದ. ಬೇಡವೆಂದಿದ್ದ ಯಂತ್ರದಲ್ಲೇ ಹುಲುಗಪ್ಪ ಒಂಬತ್ತು ದಿನ ಕಳೆದ. ಆ ಒಂಬತ್ತು ದಿನ ಸುನಂದಾಗೆ ಇವತ್ತಿಗೂ ನುಂಗಲಾರದ ತುತ್ತು.

ಅಂದಿನಿಂದ ಅವರ ಪದ್ಧತಿಯೇ ಬೇರೆ. "ಮೊದ್ಲ ಕೇಳೋದ ಇದು: ನಿಮ್ಮನ್ಯಾಗ ಗದ್ಲ ಮಾಡೋರು ಯಾರದಾರ? ಅವ್ರು ಬಂದು ಕುಂತು, ಕಿವಿಯಾರೆ ಕೇಳೋಮಟ ನಾನು ಪೆನ್ನು ಮುಟ್ಟಂಗಿಲ್ರಿ" ಎನ್ನುತ್ತಾರೆ.

ಚಿನ್ನಪ್ಪನ ಮನೆಯಲ್ಲಿ ಆ ಹೆಸರು ಎರ್ರಿ, ಹಚ್ಚೊಳ್ಳಿಯಲ್ಲಿರುವ ತಮ್ಮ. ಎರಡು ಸಲ ಕರೆದರೂ ತಪ್ಪಿಸಿಕೊಂಡಿದ್ದವನು ಇವತ್ತು ಬಂದು ಕಂಬಕ್ಕೊರಗಿ ಕೂತಿದ್ದಾನೆ, ಮುಖ ಮಾತ್ರ ಗಂಟು. ಚಿನ್ನಪ್ಪನ ಮಗಳು ಪಾರಮ್ಮ ಇಟ್ಟ ಚಹಾ ಆರುತ್ತಿದೆ.

"ಅಣ್ಣನ್ನ ಕೈಬಿಟ್ಟ ಅಂತ ಮಂದಿ ನನ್ನ ಮುಖಕ್ಕ ಉಗೀತಾರ. ನಾನು ಒಪ್ಪಂಗಿಲ್ಲ" ಎನ್ನುತ್ತಾನೆ.

ಸುನಂದಾ ಬಾಯಿ ಹಾಕುವುದಿಲ್ಲ. ಇದು ಅಣ್ಣತಮ್ಮಂದಿರ ನಡುವಿನ ಮಾತು ಎಂದು ಅವರಿಗೆ ಗೊತ್ತು. ಚಿನ್ನಪ್ಪ ಎರಡು ಸಲ ಉಸಿರು ಎಳೆದುಕೊಂಡು ಹೇಳುತ್ತಾನೆ: "ಲೇ ಎರ್ರಿ, ಬಾಯಾಗ ಕೊಳವಿ ತುರುಕಿದ್ರ ನಿನ್ ಕೂಡ ಹೆಂಗ ಮಾತಾಡ್ಲಿ? ಕಡೀಗೆ ನಿನ್ನ ಕರಿಯಾಕರ ಬಾಯಿ ಇರ್ಲಿ ಬಿಡೋ."

ಎರ್ರಿ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಆಸ್ಪತ್ರೆಯವರೊಡನೆ ಮಾತಾಡಬೇಕಾದವರ ಜಾಗದಲ್ಲಿ ಪಾರಮ್ಮನ ಕೆಳಗೆ ತನ್ನ ಹೆಸರನ್ನೂ ಬರೆಯಲು ಹೇಳುತ್ತಾನೆ. ಆಗಷ್ಟೇ ಸುನಂದಾ ಪೆನ್ನಿನ ಕ್ಯಾಪು ತೆಗೆಯುತ್ತಾರೆ.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಚಿನ್ನಪ್ಪ ಇಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ವೆಂಟಿಲೇಟರಿನ ಮಾತು ಬಂದಾಗ ಕಾಗದ ಮುಂದಿಟ್ಟವನು ಎರ್ರಿಯೇ. ಅಣ್ಣ ನನ್ನೆದುರೇ ಹೇಳಿದ್ದಾನೆ ಎಂದು ಗಟ್ಟಿಯಾಗಿ ಹೇಳಿದನಂತೆ. ವೈದ್ಯರು ನಿಯಮದ ಪ್ರಕಾರ ಕೂತು ಚರ್ಚಿಸಿ ಒಪ್ಪಿದರು. ನಾಲ್ಕು ದಿನ ಮನೆಯಲ್ಲಿದ್ದು, ತಮ್ಮನೊಡನೆ ಮಾತಾಡುತ್ತಲೇ ಚಿನ್ನಪ್ಪ ಹೋದ. ಸುನಂದಾಗೆ ಸುದ್ದಿ ಮುಟ್ಟಿದ್ದು ಹನ್ನೊಂದು ದಿನಗಳಾದ ಮೇಲೆ, ಪಾರಮ್ಮ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ.

ತಿಳಿಸಲಿಲ್ಲವೆಂದು ಬೇಸರವಾಯಿತೇ ಎಂದರೆ ಸುನಂದಾ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂರುತ್ತಾರೆ. "ಬ್ಯಾಸರ ಯಾಕ್ರಿ? ನಾನು ಬೇಕಾಗ್ಲೇ ಇಲ್ಲಲ್ಲ, ಅದಕ್ಕಲ್ಲೇನು ನಾನು ಇಷ್ಟು ತಿರುಗಿದ್ದು?"