ಯೇಸು ಇದ್ದರು ಎಂದು ವಾದಿಸಿದವಳು ನಾನು

ಶನಿವಾರ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತು, ಯಾಕೆಂದರೆ ನನಗೆ ಕೊಟ್ಟ ಹತ್ತು ನಿಮಿಷ ಮುಗಿಯಿತೇನೋ ಎಂದು ಆಗಷ್ಟೇ ಗಡಿಯಾರ ನೋಡಿದ್ದೆ.

ಬಸವನಗುಡಿಯ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಒಂಬತ್ತು ಜನ ವಾರಕ್ಕೊಮ್ಮೆ ಸೇರಿ ಚರ್ಚೆ ಮಾಡುತ್ತಿದ್ದೆವು. ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಪದ್ಧತಿ. ಬಂದ ಪಕ್ಷವನ್ನು ನಂಬದಿದ್ದರೂ ಮನಸ್ಸಿಟ್ಟು ವಾದಿಸಬೇಕು. ಆ ವಾರದ ವಿಷಯ, ಯೇಸು ನಿಜವಾಗಿ ಬದುಕಿದ್ದರು ಎನ್ನಲು ಚಾರಿತ್ರಿಕ ಆಧಾರ ಸಾಕೇ ಎಂಬುದು. 'ಸಾಕು' ಎಂಬ ಚೀಟಿ ನನಗೆ ಬಂತು, ದಿನಾ ಇಷ್ಟಲಿಂಗ ಪೂಜೆ ಮಾಡುವವಳಿಗೆ. 'ಸಾಲದು' ಎಂಬುದು ನಿವೃತ್ತ ಗಣಿತದ ಮೇಷ್ಟ್ರಿಗೆ. ಚಾಮರಾಜಪೇಟೆಯವರಾದ ಅವರು ನಮ್ಮ ಗುಂಪಿನಲ್ಲಿ ಒಬ್ಬರೇ ಕ್ರೈಸ್ತರು.

"ಏನ್ ಮೇಷ್ಟ್ರೇ, ಇವತ್ತು ನಿಮ್ ಸ್ವಾಮಿಗೇ ನೀವು ವಿರೋಧ ಪಕ್ಷ!" ಎಂದು ಗುಂಪಿನ ಕಾರ್ಯದರ್ಶಿಗಳು ನಕ್ಕರು.

"ಅವ್ರು ಕ್ಷಮಿಸ್ತಾರೆ ಕಣ್ರೀ. ನೀವು ಟೈಮ್ ಸರಿಯಾಗಿ ನೋಡ್ಕೊಳ್ಳಿ, ಸಾಕು."

ಮೇಷ್ಟ್ರು ಬಿಗಿಯಾಗಿ ವಾದಿಸಿದರು. ಯೇಸು ಬದುಕಿದ್ದಾಗ ಯಾರೇ ಬರೆದ ಒಂದು ಸಾಲೂ ಸಿಕ್ಕಿಲ್ಲ, ಸುವಾರ್ತೆಗಳನ್ನು ಬರೆದವರು ಭಕ್ತರು, ಅದೂ ದಶಕಗಳ ಮೇಲೆ ಎಂದರು. ನಾನು ಎದ್ದು, ಕ್ರೈಸ್ತರನ್ನು ಕಂಡರಾಗದ ರೋಮನ್ ಚರಿತ್ರೆಕಾರನೇ ಯೇಸುವಿನ ಮರಣದಂಡನೆಯನ್ನು ಬರೆದಿಟ್ಟಿದ್ದಾನಲ್ಲ ಎಂದೆ. ದೇವರೆಂದು ಸಾರಲು ಕಥೆ ಕಟ್ಟುವವರು ಶಿಲುಬೆಯಂಥ ಅವಮಾನದ ಸಾವನ್ನು ಯಾಕೆ ಕಟ್ಟುತ್ತಾರೆ ಎಂದು ಕೇಳಿದೆ. ನನ್ನ ದನಿ ದೊಡ್ಡದು, ಕಿಟಕಿ ತೆರೆದಿತ್ತು. "ಯೇಸು ಇದ್ದರು" ಎಂದದ್ದು ಬೀದಿಗೆ ಕೇಳಿಸಿತು.

ನುಗ್ಗಿದವರು ನಾಲ್ವರು ಹುಡುಗರು.

"ಮತಾಂತರ ಮಾಡ್ತಿದೀರಾ ಇಲ್ಲಿ? ಯಾರ್ರೀ ಪಾದ್ರಿ?"

"ಮಾತಾಡ್ತಿದ್ದೋಳು ನಾನು," ಎಂದೆ.

"ನೀವ್ ಸುಮ್ನಿರಿ ಆಂಟಿ. ನಿಮ್ ತಲೆ ಕೆಡ್ಸಿದ್ದು ಯಾರು, ಅದ್ ಹೇಳಿ."

ಒಬ್ಬೊಬ್ಬರನ್ನೇ ಹೆಸರು ಕೇಳುತ್ತಾ ಬಂದರು. ಮೇಷ್ಟ್ರು ಮರೆಮಾಚದೆ ತಮ್ಮ ಹೆಸರು ಹೇಳಿದರು. ತಕ್ಷಣ ಅವರ ಕೊರಳಪಟ್ಟಿ ಹಿಡಿದು ಹೊರಗೆ ಎಳೆದರು.

"ಯೇಸು ಇದ್ದದ್ದಕ್ಕೆ ಆಧಾರ ಸಾಲದು ಅಂತ ವಾದ ಮಾಡಿದ್ದು ಅವರೇ ಕಣ್ರಪ್ಪಾ!" ಎಂದು ಕೂಗಿದೆ.

"ಕಿವಿ ಮೇಲೆ ಹೂ ಇಡ್ಬೇಡಿ," ಎಂದು ಒಬ್ಬ ನಕ್ಕ.

ಎಪ್ಪತ್ತು ದಾಟಿದ ಮನುಷ್ಯನ ಒಂದು ಕಾಲು ಮೆಟ್ಟಿಲ ತುದಿಯಿಂದ ಜಾರಿ ಗಾಳಿಯಲ್ಲಿ ನೇತಾಡಿತು. ನಾನು ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪೊಲೀಸರಿಗೆ ಫೋನ್ ಮಾಡಿದ್ದೇನೆ ಎಂದು ಔಷಧಿ ಅಂಗಡಿಯವರು ಕೆಳಗಿನಿಂದ ಕೂಗಿದ ಮೇಲೆ ಹುಡುಗರು ಅವರನ್ನು ಬಿಟ್ಟು ಹೋದರು. ಕಣ್ಣು ಮುಚ್ಚಿದರೆ ಈಗಲೂ ಆ ಕಾಲು ಕಾಣುತ್ತದೆ.

ಆ ನಾಲ್ವರು ಹಾಗಿರಲಿ. ಮರುದಿನ ಕಾರ್ಯದರ್ಶಿಗಳ ಫೋನ್ ಬಂತು.

"ಮೇಷ್ಟ್ರಿಗೆ ಇನ್ಮೇಲೆ ಬರ್ಬೇಡಿ ಅಂತ ಹೇಳ್ಬಿಡೋಣ ಅಂತಿದೀನಮ್ಮ. ಅವ್ರ ಒಳ್ಳೇದಕ್ಕೇ."

"ಕೂಗಿದ್ದು ನಾನು. ನನಗ್ಯಾಕೆ ಹೇಳಲ್ಲ?"

"ನೀವು ನಮ್ಮೋರಲ್ವಾ."

ಹದಿನಾಲ್ಕು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೇ ತಟ್ಟೆಯ ಕೋಡುಬಳೆ ಮುರಿದು ತಿಂದ ಮನುಷ್ಯ ನಮ್ಮವರಲ್ಲ! ಎರಡು ಸಾವಿರ ವರ್ಷದ ಹಿಂದಿನ ಸಾಕ್ಷ್ಯವನ್ನು ತೂಗಿ ನೋಡುವ ನಮಗೆ, ನಿನ್ನೆ ಕಣ್ಣೆದುರು ನಡೆದದ್ದು ಸಾಲದೇ ಹೋಯಿತೇ? ಫೋನ್ ಕುಕ್ಕಿಬಿಟ್ಟೆ.

ನಿದ್ದೆ ಹಾರಿತು. ಹೊರಗೆ ಬೈಕ್ ನಿಂತರೂ ಎದ್ದು ಕೂರುತ್ತಿದ್ದೆ. ಮೂರು ವಾರ ಹೀಗೇ ಕಳೆದ ಮೇಲೆ ಎಲ್ಲರಿಗೂ ನಾನೇ ಫೋನ್ ಮಾಡಿದೆ: ಈ ಶನಿವಾರ ಚರ್ಚೆ ಮೇಷ್ಟ್ರ ಮನೆಯಲ್ಲಿ, ಬರುವವರು ಬನ್ನಿ.

"ಬೇಡಮ್ಮ, ನನ್ನಿಂದ ನಿಮ್ಗೆಲ್ಲ ತೊಂದ್ರೆ," ಎಂದರು ಮೇಷ್ಟ್ರು.

"ತೊಂದ್ರೆ ಆಗಿದ್ದು ನನ್ನ ಗಂಟಲಿನಿಂದ ಸಾರ್. ಕುರ್ಚಿ ಹಾಕಿಡಿ."

ಐದು ಜನ ಬಂದರು. ಕಾರ್ಯದರ್ಶಿಗಳು ಬರಲಿಲ್ಲ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಬಡ್ಡಿಯಿಲ್ಲದ ಬ್ಯಾಂಕು ನಡೆಯಬಲ್ಲದೇ ಎಂಬ ವಿಷಯದಲ್ಲಿ ಮೇಷ್ಟ್ರು ನನ್ನನ್ನು ಚೆನ್ನಾಗಿ ಸೋಲಿಸಿ, ಮುಂದಿನ ವಾರಕ್ಕೆ ವಿಷಯವನ್ನೂ ತಾವೇ ಸೂಚಿಸಿದರು. ಆ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಭಾನುವಾರ ಬೆಳಗ್ಗೆ, ಹಾಲಿನವನು ಎರಡನೇ ಸಲ ಬೆಲ್ ಒತ್ತಿದಾಗ.